ಭೂದಾಖಲೆಯೂ ವಂಶಾವಳಿಯೂ: ಬಸವಕಲ್ಯಾಣ–ಹುಮನಾಬಾದು ಪ್ರದೇಶದ ಆಕರಗಳ ವಿಮರ್ಶೆ

ಬಸವಕಲ್ಯಾಣ ಮತ್ತು ಹುಮನಾಬಾದು ತಾಲ್ಲೂಕುಗಳ ಮನೆತನಗಳನ್ನು ಕುರಿತು ಮದುವೆ, ಗೃಹಪ್ರವೇಶ, ಹಿರಿಯರ ಪುಣ್ಯತಿಥಿಗಳ ಸಂದರ್ಭದಲ್ಲಿ ಅಚ್ಚಾಗುವ ವಂಶಚರಿತ್ರೆಯ ಪುಸ್ತಿಕೆಗಳಲ್ಲಿ ಕೆಲವನ್ನು ನಾವು ನೋಡಿದ್ದೇವೆ. ಇವುಗಳ ಮಾದರಿ ಬಹುಮಟ್ಟಿಗೆ ಒಂದೇ. ಮೊದಲು ಕಲ್ಯಾಣದ ಚಾಲುಕ್ಯರ ವೈಭವ, ಅನಂತರ ಒಬ್ಬ ಮೂಲಪುರುಷ, ಆಮೇಲೆ ಕೊಂಬೆರೆಂಬೆಗಳುಳ್ಳ ಒಂದು ವೃಕ್ಷದ ಚಿತ್ರ, ಕಡೆಗೆ ಪ್ರಮಾಣವೆಂಬಂತೆ ಸೇತ್ವಾರಿನ ಒಂದು ನಕಲು ಅಥವಾ ಖಾಸ್ರಾ ಪಹಣಿಯ ಛಾಯಾಪ್ರತಿ. ನಕಲಿನ ಮೇಲಿನ ಮೊಹರನ್ನು ಕಂಡು ಓದುಗನು ತಲೆದೂಗಬೇಕೆಂಬುದು ಉದ್ದೇಶ. ನಮ್ಮ ವಿದ್ಯಾರ್ಥಿಗಳಲ್ಲಿಯೂ ಹಲವರು ಸ್ಥಳೀಯ ಇತಿಹಾಸದ ಪ್ರಬಂಧಕ್ಕೆಂದು ಇಂಥ ನಕಲುಗಳನ್ನು ತಂದು, "ಇದರಲ್ಲಿ ನಮ್ಮ ಮುತ್ತಜ್ಜನ ಹೆಸರೇ ಇದೆಯಲ್ಲ, ಇನ್ನೇನು ಬೇಕು?" ಎಂದು ಕೇಳುವುದುಂಟು. ಇನ್ನೇನು ಬೇಕೆಂಬುದನ್ನು ಕೊಂಚ ವಿಸ್ತಾರವಾಗಿ ಹೇಳುವುದು ಪ್ರಸ್ತುತ ಲೇಖನದ ಉದ್ದೇಶ.

ಇದು ಕೇವಲ ಮನೆತನದ ಅಭಿಮಾನದ ಪ್ರಶ್ನೆಯಾಗಿದ್ದರೆ ಅಧ್ಯಾಪಕರು ಅದರಲ್ಲಿ ಕೈಹಾಕಬೇಕಾದ ಅಗತ್ಯವಿರಲಿಲ್ಲ. ಸಂವಿಧಾನದ 98ನೆಯ ತಿದ್ದುಪಡಿಯಿಂದ (2012) 371 (ಜೆ) ವಿಧಿ ಸೇರಿದಂದಿನಿಂದ ತಾನು ಈ ನೆಲದವನೆಂದು ಕಾಗದದಲ್ಲಿ ತೋರಿಸಬೇಕಾದ ಸಂದರ್ಭಗಳು ನಮ್ಮ ಭಾಗದಲ್ಲಿ ಹೆಚ್ಚಿವೆ. ಗಡಿಯಾಚೆಯ ಮರಾಠವಾಡದಲ್ಲಿ 2023ರ ಸೆಪ್ಟೆಂಬರಿನಲ್ಲಿ ನೇಮಕವಾದ ನ್ಯಾಯಮೂರ್ತಿ ಸಂದೀಪ ಶಿಂದೆ ಸಮಿತಿಯು ನಿಜಾಮರ ಕಾಲದ ದಫ್ತರುಗಳನ್ನು ಬಿಚ್ಚಿಸಿ 'ಕುಣಬಿ' ಎಂಬ ನಮೂದನ್ನು ಹುಡುಕಿಸಿತು. ಮರಾಠವಾಡದ ಉದಗೀರ, ನಿಲಂಗಾಗಳು 1956ರವರೆಗೆ ಬೀದರ ಜಿಲ್ಲೆಗೇ ಸೇರಿದ್ದವು; ಅಲ್ಲಿ ಬಿಚ್ಚಿದ ಬಸ್ತೆಗಳೂ ನಮ್ಮ ತಹಸೀಲು ಕಛೇರಿಗಳ ಬಸ್ತೆಗಳೂ ಒಂದೇ ಆಡಳಿತದ ಸೃಷ್ಟಿ. ನೂರು ವರ್ಷಗಳ ಹಿಂದೆ ಒಬ್ಬ ಪಟವಾರಿಯು ತನ್ನ ಅನುಕೂಲಕ್ಕೆ ಬರೆದುಕೊಂಡ ಒಂದು ಪದದ ಮೇಲೆ ಈ ಹೊತ್ತು ಒಬ್ಬ ತರುಣನ ವಿದ್ಯಾಭ್ಯಾಸವೂ ನೌಕರಿಯೂ ನಿಂತಿರುವಾಗ, ಆ ಪದವನ್ನು ಓದುವ ಕ್ರಮವನ್ನು ಅರಿಯದೆ ವಿಧಿಯಿಲ್ಲ.

ಹೈದರಾಬಾದು ಸಂಸ್ಥಾನದಲ್ಲಿ ಮೊದಲನೆಯ ಸಾಲಾರ್ ಜಂಗನ ದಿವಾನಗಿರಿಯ ಕಾಲದಲ್ಲಿ (1853–1883) ಕಂದಾಯವನ್ನು ಗುತ್ತಿಗೆಗೆ ಕೊಡುವ ಪದ್ಧತಿ ಹಿಂದೆ ಸರಿದು, ಮುಂಬಯಿ ಪ್ರಾಂತದ ರೈತವಾರಿ ಕ್ರಮವನ್ನು ಅನುಸರಿಸಿದ ಅಳತೆ–ಬಂದೋಬಸ್ತು ಆರಂಭವಾಯಿತು. ಅದರ ಫಲವೇ ಸೇತ್ವಾರು. ಸರ್ವೆ ನಂಬರು, ಎಕರೆ–ಗುಂಟೆ, ಆಕಾರ, ಪಟ್ಟೇದಾರನ ಹೆಸರು ಇವೇ ಅದರ ಮುಖ್ಯ ಕಲಮುಗಳು. ಸರ್ಕಾರ ಈ ಪುಸ್ತಕವನ್ನು ಬರೆಸಿದ್ದು ಯಾರ ಮಗ ಯಾರೆಂದು ತಿಳಿಯುವುದಕ್ಕಲ್ಲ. ಈ ತುಂಡು ನೆಲದ ಹಣ ಬಾರದಿದ್ದರೆ ಯಾರ ಬಾಗಿಲಿಗೆ ಹೋಗಬೇಕೆಂದು ತಿಳಿಯುವುದಕ್ಕೆ. ಬಾಗಿಲು ಒಂದೇ ಆಗಿದ್ದರೆ ಸರ್ಕಾರಕ್ಕೆ ಸುಲಭ. ಆದುದರಿಂದ ನಾಲ್ವರು ಅಣ್ಣತಮ್ಮಂದಿರು ಕೂಡಿ ಉಳುತ್ತಿದ್ದ ಹೊಲಕ್ಕೂ ಸಾಮಾನ್ಯವಾಗಿ ಒಬ್ಬನ ಹೆಸರೇ ಬಿತ್ತು. ಉಳಿದವರು ಎಲ್ಲಿ ಹೋದರು? ಅವರು ಎಲ್ಲಿಯೂ ಹೋಗಲಿಲ್ಲ. ಅದೇ ಮನೆಯಲ್ಲಿ, ಅದೇ ಹೊಲದಲ್ಲಿ ಇದ್ದರು. ಕಾಗದದಲ್ಲಿ ಮಾತ್ರ ಇಲ್ಲ.

ಇವರನ್ನು ಕಾನೂನು ಸಂಪೂರ್ಣವಾಗಿ ಮರೆತಿರಲಿಲ್ಲವೆಂಬುದನ್ನೂ ಹೇಳಬೇಕು. ಫಸಲಿ 1317ರ ಭೂಕಂದಾಯ ಕಾಯಿದೆಯಲ್ಲಿ 'ಶಿಕ್ಮೀದಾರ' ಎಂಬ ಮಾತಿದೆ. ಪಟ್ಟೇದಾರನಂತೆಯೇ ನೆಲದಲ್ಲಿ ಹಕ್ಕುಳ್ಳವನು, ಮೊದಲಿನಿಂದ ಅವನೊಡನೆ ಕೂಡಿ ಅನುಭವಿಸುತ್ತ ಬಂದವನು ಎಂಬುದು ಅದರ ಸ್ಥೂಲವಾದ ಅರ್ಥ. ಆದರೆ ಅದೇ ಕಾಯಿದೆಯಲ್ಲಿ 'ಆಸಾಮಿ ಶಿಕ್ಮೀ' ಎಂಬ ಇನ್ನೊಂದು ಮಾತೂ ಇದೆ; ಅವನು ಗೇಣಿಗೆ ಉಳುವವನು. ಒಂದು ಪದ ಹೆಚ್ಚು ಕಡಿಮೆಯಾದರೆ ಒಡಹುಟ್ಟಿದವನು ಗೇಣಿದಾರನಾಗುತ್ತಾನೆ, ಗೇಣಿದಾರನು ದಾಯಾದಿಯಾಗುತ್ತಾನೆ. ನಾವು ನೋಡಿದ ಪುಸ್ತಿಕೆಗಳಲ್ಲಿ ಒಂದಾದರೂ ಈ ಎರಡನ್ನು ಬೇರ್ಪಡಿಸಿ ಓದಿದುದು ಕಾಣಲಿಲ್ಲ.

ಇದರಲ್ಲಿ ಒಂದು ವಿಚಿತ್ರವಿದೆ. ಅದನ್ನು ಕಲ್ಯಾಣದ ನೆಲದಲ್ಲಿ ನಿಂತು ಹೇಳದಿದ್ದರೆ ಬೇರೆಲ್ಲಿ ಹೇಳಬೇಕು? ಯಾಜ್ಞವಲ್ಕ್ಯ ಸ್ಮೃತಿಯ ಮೇಲೆ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದುದು ಇದೇ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126). ಕುಟುಂಬದ ಆಸ್ತಿಯಲ್ಲಿ ಮಗನಿಗೆ ಹುಟ್ಟಿದ ಕ್ಷಣದಿಂದಲೇ ಹಕ್ಕು ಬರುತ್ತದೆ, ತಂದೆ ಸಾಯುವವರೆಗೆ ಕಾಯಬೇಕಾಗಿಲ್ಲ ಎಂಬುದು ಅವನ ಸಿದ್ಧಾಂತ. ಒಂದೇ ಶರೀರದ ಅಂಶಗಳನ್ನು ಹಂಚಿಕೊಂಡವರು ಸಪಿಂಡರು ಎಂಬ ಅವನ ವಿವರಣೆಯೂ ಪ್ರಸಿದ್ಧವೇ. 1810ರಲ್ಲಿ ಕೋಲ್‌ಬ್ರೂಕನು ಅದರ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಭಾರತದ ಬಹುಭಾಗದ ಹಿಂದೂ ಕುಟುಂಬಗಳ ಉತ್ತರಾಧಿಕಾರವನ್ನು ನ್ಯಾಯಾಲಯಗಳು ಈ ಗ್ರಂಥದ ಆಧಾರದ ಮೇಲೆ ತೀರ್ಮಾನಿಸಿದವು. ಹೀಗೆ ಹುಟ್ಟಿದವರೆಲ್ಲರಿಗೂ ಪಾಲಿದೆ ಎಂದು ಸಾರಿದ ಊರಿನಲ್ಲಿಯೇ, ಎಂಟು ಶತಮಾನಗಳ ತರುವಾಯ, ಪಟ್ಟೆಯ ಕಲಮಿನಲ್ಲಿ ಒಂದೇ ಹೆಸರು ಉಳಿಯಿತು. ಮುಸಲ್ಮಾನ ಕುಟುಂಬಗಳ ಸ್ಥಿತಿಯೂ ಬೇರೆಯಲ್ಲ. ಶರೀಅತ್ತಿನಂತೆ ಮಗಳಿಗೂ ಹೆಂಡತಿಗೂ ನಿಗದಿಯಾದ ಪಾಲುಂಟು, ಸೇತ್ವಾರಿನಲ್ಲಿ ಅದರ ಸುಳಿವಿಲ್ಲ. ಧರ್ಮಶಾಸ್ತ್ರವೂ ಶರೀಅತ್ತೂ ಕಂಡ ಕುಟುಂಬವನ್ನು ಕಂದಾಯ ಇಲಾಖೆ ಕಾಣಲಿಲ್ಲ. ಪಟ್ಟೆಯಲ್ಲಿರುವ ಹೆಸರುಗಳನ್ನು ಒಂದರ ಕೆಳಗೊಂದು ಬರೆದು ವಂಶವೃಕ್ಷವೆಂದು ಕರೆದರೆ, ಕೊಂಬೆಗಳೆಲ್ಲವನ್ನೂ ಕಡಿದು ಉಳಿಸಿದ ಒಂದು ಬೊಡ್ಡೆಯನ್ನು ಮರವೆಂದಂತಾಗುತ್ತದೆ.

ಹಾಗೆಂದು ಸೇತ್ವಾರು ಏನನ್ನೂ ಹೇಳುವುದಿಲ್ಲವೆಂದು ನಮ್ಮ ಅಭಿಪ್ರಾಯವಲ್ಲ. ಕೇಳುವ ಕ್ರಮ ತಿಳಿದರೆ ಅದು ಬಹಳ ಹೇಳುತ್ತದೆ. ಪಟ್ಟೇದಾರನ ಕಲಮಿನಲ್ಲಿ ಒಬ್ಬ ಹೆಣ್ಣುಮಗಳ ಹೆಸರು 'ಜೌಜೆ' ಎಂಬ ಪದದೊಡನೆ, ಎಂದರೆ ಇಂಥವನ ಹೆಂಡತಿ ಎಂಬಂತೆ ಕಾಣಿಸಿಕೊಂಡಿದೆಯೆನ್ನಿ. ಪಾಲಾಗಿ ಬೇರೆ ಇದ್ದವನು ಗಂಡುಸಂತಾನವಿಲ್ಲದೆ ಸತ್ತರೆ ಅವನ ಸ್ವತ್ತು ಹೆಂಡತಿಗೆ ಸಲ್ಲಬೇಕೆಂದು ವಿಜ್ಞಾನೇಶ್ವರನು ವಾದಿಸಿ ಸ್ಥಾಪಿಸಿದ್ದಾನೆ. ಆದಕಾರಣ ಆ ಒಂದು ಹೆಸರಿನಿಂದ, ಅಣ್ಣತಮ್ಮಂದಿರು ಅದಕ್ಕೆ ಮುಂಚೆಯೇ ಪಾಲಾಗಿದ್ದರು, ಸತ್ತವನಿಗೆ ಗಂಡುಮಕ್ಕಳಿರಲಿಲ್ಲ ಎಂಬ ಎರಡು ಸಂಗತಿಗಳನ್ನು ಊಹಿಸಲು ಅವಕಾಶವಿದೆ. ಇದು ಊಹೆಯೇ ಹೊರತು ಸಿದ್ಧಾಂತವಲ್ಲ. ಅಪ್ರಾಪ್ತ ವಯಸ್ಸಿನ ಮಗನ ಪರವಾಗಿ ತಾಯಿಯ ಹೆಸರು ಬಂದಿರಬಹುದು, ದತ್ತಕದ ವ್ಯಾಜ್ಯವೊಂದು ನಡೆಯುತ್ತಿದ್ದಿರಬಹುದು. ಆದರೂ ಹತ್ತು ಗಂಡಸರ ಹೆಸರುಗಳಿಗಿಂತ ಆ ಒಬ್ಬ ವಿಧವೆಯ ಹೆಸರು ಕುಟುಂಬದ ಒಳಗಿನ ಸ್ಥಿತಿಯನ್ನು ಹೆಚ್ಚು ತಿಳಿಸುತ್ತದೆ. ನಮ್ಮ ಪುಸ್ತಿಕೆಗಳು ಈ ಹೆಸರನ್ನೇ ಬಿಟ್ಟುಬಿಡುತ್ತವೆ, ವೃಕ್ಷದಲ್ಲಿ ಆಕೆಗೆ ಸ್ಥಾನವಿಲ್ಲವೆಂಬ ಕಾರಣದಿಂದ! ಹೆಣ್ಣುಮಕ್ಕಳ ಹೆಸರು ಪಹಣಿಯಲ್ಲಿ ಅಣ್ಣತಮ್ಮಂದಿರ ಸಾಲಿನಲ್ಲಿ ಬರತೊಡಗಿದುದು 1994ರ ಕರ್ನಾಟಕದ ತಿದ್ದುಪಡಿ, 2005ರ ಕೇಂದ್ರದ ತಿದ್ದುಪಡಿಗಳ ಈಚಿನ ಮಾತು. ಹಿಂದಿನ ದಾಖಲೆಯಲ್ಲಿ ಮಗಳಿಲ್ಲದಿದ್ದರೆ ಆ ಮನೆಯಲ್ಲಿ ಮಗಳು ಹುಟ್ಟಲಿಲ್ಲವೆಂದು ಅರ್ಥವಲ್ಲ.

ಲಿಪಿಯ ತೊಡಕು ಇನ್ನೊಂದು. ಸರ್ಕಾರದ ಮೇಲ್ಮಟ್ಟದ ಬರವಣಿಗೆ ಮೊದಲು ಪಾರಸಿಯಲ್ಲಿ, 1880ರ ದಶಕದಿಂದ ಉರ್ದುವಿನಲ್ಲಿ ನಡೆಯಿತು. ಗ್ರಾಮದ ಲೆಕ್ಕಗಳು ಈ ಭಾಗದಲ್ಲಿ ಬಹುಮಟ್ಟಿಗೆ ಮೋಡಿ ಲಿಪಿಯ ಮರಾಠಿಯಲ್ಲಿದ್ದವು. ಮನೆಯಲ್ಲಿ ಕನ್ನಡದಲ್ಲಿ ಕೂಗಿ ಕರೆದ ಹೆಸರು ಈ ಎರಡು ಲಿಪಿಗಳ ಮೂಲಕ ಹಾದು ನಮ್ಮ ಕೈಗೆ ಬಂದಿದೆ. ಉರ್ದುವಿನಲ್ಲಿ ಬ, ಪ, ತ, ನ ಅಕ್ಷರಗಳು ಪದದ ಮೊದಲಿಗೂ ನಡುವೆಯೂ ಒಂದೇ ಹಲ್ಲಿನ ಆಕಾರದಲ್ಲಿರುತ್ತವೆ. ಚುಕ್ಕೆಗಳೊಂದೇ ಅವುಗಳ ಗುರುತು. ಅವಸರದ ಶಿಕಸ್ತಾ ಬರಹದಲ್ಲಿ ಗುಮಾಸ್ತನು ಮೊದಲು ಬಿಡುವುದೇ ಚುಕ್ಕೆಗಳನ್ನು. ಅಲ್ಲಿಗೆ ಬಸಪ್ಪನೂ ಬಸಣ್ಣನೂ ಒಂದೇ ಆದರು, ಸಿದ್ದಪ್ಪನೂ ಸಿದ್ದಣ್ಣನೂ ಒಂದೇ ಆದರು. ಕನ್ನಡದ ಮನೆಗಳಲ್ಲಿ ಅಣ್ಣತಮ್ಮಂದಿರಿಗೆ ಹೀಗೆ ಅಪ್ಪ–ಅಣ್ಣಗಳ ವ್ಯತ್ಯಾಸದಿಂದಲೇ ಹೆಸರಿಡುವ ವಾಡಿಕೆಯುಂಟೆಂಬುದನ್ನು ನೆನೆದರೆ ಈ ಚುಕ್ಕೆಗಳ ಬೆಲೆ ತಿಳಿದೀತು. ಮೋಡಿಯಲ್ಲಿ ಇಕಾರ ಉಕಾರಗಳ ಹ್ರಸ್ವದೀರ್ಘ ಭೇದವಿಲ್ಲ. ಉರ್ದುವಿನಲ್ಲಿ ಳಕಾರವೂ ಲಕಾರವೂ ಒಂದೇ. ಮೂಲವನ್ನು ನೋಡದೆ, ಯಾರೋ ಮಾಡಿಕೊಟ್ಟ ಕನ್ನಡ ತರ್ಜುಮೆಯನ್ನು ನಂಬಿ ವಂಶವನ್ನು ಕಟ್ಟಿದವರು ತರ್ಜುಮೆದಾರನ ಊಹೆಯನ್ನು ತಮ್ಮ ಪೂರ್ವಜನೆಂದು ಪೂಜಿಸುತ್ತಿರಬಹುದು.

ಲಿಪಿಯನ್ನು ಸರಿಯಾಗಿ ಓದಿದರೂ ಹೆಸರು ಸುಮ್ಮನಿರುವುದಿಲ್ಲ. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮ ಪದ್ಧತಿ. ಸೇತ್ವಾರಿನಲ್ಲಿ 'ಬಸಪ್ಪ ವಲದ್ ಸಿದ್ದಪ್ಪ' ಎಂದಿದ್ದು, 1954–55ರ ಖಾಸ್ರಾ ಪಹಣಿಯಲ್ಲಿಯೂ 'ಬಸಪ್ಪ ತಂದೆ ಸಿದ್ದಪ್ಪ' ಎಂದಿದ್ದರೆ ನಾವು ಏನೆಂದು ತಿಳಿಯಬೇಕು? ಈತ ಅವನ ಮೊಮ್ಮಗನೆ? ಮೊಮ್ಮಗನ ಮೊಮ್ಮಗನೆ? ಅಥವಾ ಸತ್ತು ಬಹುಕಾಲವಾದರೂ ಹೆಸರು ಬದಲಾಗದೆ ಉಳಿದ ಅದೇ ವ್ಯಕ್ತಿಯೆ? ಮೂರೂ ಸಂಭವನೀಯ. ಪಟ್ಟೇದಾರನು ಸತ್ತ ಮೇಲೆ ವಾರಸುದಾರರು ಅರ್ಜಿ ಕೊಟ್ಟು, ವಿಚಾರಣೆ ನಡೆದು, ವಿರಾಸತ್ತು ಮಂಜೂರಾದ ಮೇಲಲ್ಲವೆ ಹೆಸರು ಬದಲಾಗುವುದು? ಮನೆಯಲ್ಲಿ ಜಗಳವಿಲ್ಲದಿದ್ದರೆ ಯಾರೂ ಕಛೇರಿಗೆ ಹೋಗುತ್ತಿರಲಿಲ್ಲ. ಈಗಲೂ ಸತ್ತವರ ಹೆಸರಿನಲ್ಲಿಯೇ ಉಳಿದ ಪಹಣಿಗಳಿಗಾಗಿ ಕಂದಾಯ ಇಲಾಖೆ ಪೌತಿ ಖಾತೆಯ ಆಂದೋಲನಗಳನ್ನು ನಡೆಸಬೇಕಾಗಿ ಬಂದಿದೆ. ಆದುದರಿಂದ ದಾಖಲೆಯಲ್ಲಿ ಹೆಸರು ಬದಲಾದ ವರ್ಷವನ್ನು ಮರಣದ ವರ್ಷವೆಂದು ಬರೆಯುವುದು ಸಲ್ಲದು. ಅದು ಹೆಚ್ಚೆಂದರೆ ಜಗಳದ ವರ್ಷ.

ವರ್ಷಗಣನೆಯಲ್ಲಿಯೂ ಎಚ್ಚರ ಬೇಕು. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರದಲ್ಲಿ ಆರಂಭವಾಗುತ್ತಿದ್ದುದರಿಂದ ವರ್ಷದ ಮೊದಲ ತಿಂಗಳುಗಳಿಗೆ 590ನ್ನೂ ಜನವರಿಯ ಮೇಲಿನವುಗಳಿಗೆ 591ನ್ನೂ ಕೂಡಿಸಿಕೊಳ್ಳಬೇಕು. ಹೀಗೆ ಫಸಲಿ 1317 ಎಂದರೆ 1907–08. ಇದನ್ನೇ ಹಿಜರಿಯೆಂದು ತಿಳಿದರೆ 1899–1900ಕ್ಕೆ ಹೋಗುತ್ತೇವೆ. ಎಂಟು ವರ್ಷಗಳ ಅಂತರದಲ್ಲಿ ಮಗನು ತಂದೆಗಿಂತ ಮೊದಲು ಹುಟ್ಟಿದ ಉದಾಹರಣೆಯನ್ನು ನಾವು ಅಚ್ಚಿನಲ್ಲಿಯೇ ಕಂಡಿದ್ದೇವೆ.

ಮೇಲಿನವು ಎಲ್ಲ ತಾಲ್ಲೂಕುಗಳಿಗೂ ಅನ್ವಯಿಸುವ ಮಾತುಗಳು. ಕಲ್ಯಾಣದ ಸ್ಥಿತಿ ಕೊಂಚ ಭಿನ್ನ. ಅದು ನವಾಬರ ಜಾಗೀರು. ಸಂಸ್ಥಾನದ ಸುಮಾರು ಐದರಲ್ಲಿ ಎರಡು ಪಾಲು ನೆಲ ಸರ್ಫ್‌–ಎ–ಖಾಸ್, ಪೈಗಾ, ಜಾಗೀರುಗಳೆಂದು ದಿವಾನಿ ಆಡಳಿತದ ಹೊರಗಿತ್ತು. ಬೀದರ ಜಿಲ್ಲೆಯಲ್ಲಿ ಇಂಥ ಗ್ರಾಮಗಳು ಹೇರಳ. ಜಾಗೀರುದಾರನ ಲೆಕ್ಕ ಜಾಗೀರುದಾರನ ಮನೆಯಲ್ಲಿ. ಅಳತೆ ಅಲ್ಲಿಗೆ ತಡವಾಗಿ ಬಂದುದೂ ಉಂಟು. ಫಸಲಿ 1358ರ ನಿಬಂಧನೆಯಂತೆ 1949ರ ಆಗಸ್ಟಿನಲ್ಲಿ ಜಾಗೀರುಗಳು ರದ್ದಾಗಿ ಸರ್ಕಾರಕ್ಕೆ ಸೇರಿದವು. ಆದಕಾರಣ ಪಕ್ಕಪಕ್ಕದ ಎರಡು ಗ್ರಾಮಗಳಲ್ಲಿ ಒಂದರ ಕುಟುಂಬವನ್ನು ಎರಡು ತಲೆಮಾರು ಹಿಂದಕ್ಕೆ ಹೆಚ್ಚಾಗಿ ಹಿಡಿಯಲು ಸಾಧ್ಯವಾದರೆ, ಅದು ಆ ಕುಟುಂಬದ ಪ್ರಾಚೀನತೆಗೆ ಸಾಕ್ಷಿಯಲ್ಲ. ಆ ಗ್ರಾಮ ಯಾರ ಕೈಯಲ್ಲಿತ್ತೆಂಬುದಕ್ಕೆ ಸಾಕ್ಷಿ.

1956ರ ನವೆಂಬರ 1ರ ಪುನರ್ವಿಂಗಡಣೆ ಈ ಕಾಗದಗಳನ್ನೂ ಹಂಚಿತು. ಅಹಮದಪುರ, ನಿಲಂಗಾ, ಉದಗೀರಗಳು ಮುಂಬಯಿ ರಾಜ್ಯಕ್ಕೆ ಹೋಗಿ ಉಸ್ಮಾನಾಬಾದು ಜಿಲ್ಲೆಗೆ ಸೇರಿದವು, 1982ರಲ್ಲಿ ಲಾತೂರಿಗೆ ಬಂದವು. ನಾರಾಯಣಖೇಡ, ಜಹೀರಾಬಾದು ಮತ್ತು ನ್ಯಾಲಕಲ್ ವಲಯ ಆಂಧ್ರಕ್ಕೆ ಹೋದವು. ಅವು ಈಗ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ. ಜಹೀರಾಬಾದು ತಾಲ್ಲೂಕಿನ ನಿರ್ಣಾ ವಲಯವೊಂದು ಮಾತ್ರ ನಮ್ಮಲ್ಲಿ ಉಳಿಯಿತು. ಹೆಣ್ಣು ಕೊಟ್ಟು ತರುವ ಸಂಬಂಧಗಳು ಈ ಗೆರೆಗಳನ್ನು ಲೆಕ್ಕಿಸಿರಲಿಲ್ಲ. ಹುಮನಾಬಾದಿನ ಒಂದು ಮನೆತನದ ಇತಿಹಾಸಕ್ಕೆ ಮೂರು ರಾಜ್ಯಗಳ ದಾಖಲೆ ಕೋಣೆಗಳನ್ನೂ ಹೈದರಾಬಾದಿನ ತಾರನಾಕದಲ್ಲಿರುವ ಪತ್ರಾಗಾರವನ್ನೂ ನೋಡಬೇಕಾದೀತು. ಒಂದೇ ತಹಸೀಲಿನಲ್ಲಿ ಹುಡುಕಿ 'ಮೂಲ ಸಿಕ್ಕಿತು' ಎನ್ನುವವರಿಗೆ ಸಿಕ್ಕಿದ್ದು ಆ ತಹಸೀಲಿನ ಮೇರೆ.

ಖಾಸ್ರಾ ಪಹಣಿಯನ್ನು ಕುರಿತು ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. 1954–55ರಲ್ಲಿ ಸಿದ್ಧವಾದ ಈ ದಾಖಲೆಯನ್ನು ಈಗ ಎಲ್ಲರೂ ಅಡಿಗಲ್ಲೆಂದು ಎಣಿಸುತ್ತಾರೆ. ಆದರೆ ಅದಕ್ಕೆ ಆರೇಳು ವರ್ಷ ಮುಂಚೆ ಈ ನೆಲದಲ್ಲಿ ಏನಾಯಿತು? 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಸಮೀಪದ ಗೋರ್ಟಾದಲ್ಲಿ ರಜಾಕಾರರಿಂದ ಕೊಲೆಗಳು ನಡೆದವು. ಆ ಕಾಲದಲ್ಲಿ ಅನೇಕ ಕುಟುಂಬಗಳು ಸೀಮೆ ದಾಟಿ ಸೊಲ್ಲಾಪುರದ ಕಡೆಗೆ ಓಡಿದವು. ಸೆಪ್ಟೆಂಬರಿನ ಪೊಲೀಸು ಕಾರ್ಯಾಚರಣೆಯ ತರುವಾಯ ಮುಸಲ್ಮಾನರ ಮೇಲೆ ನಡೆದ ಹಿಂಸೆಯಲ್ಲಿ ಅತ್ಯಂತ ಹೆಚ್ಚು ನೊಂದ ಜಿಲ್ಲೆಗಳೆಂದು ಪಂಡಿತ ಸುಂದರಲಾಲ ಸಮಿತಿಯು ಹೆಸರಿಸಿದ ನಾಲ್ಕರಲ್ಲಿ ಬೀದರವೂ ಒಂದು. ಉಳಿದವು ಉಸ್ಮಾನಾಬಾದು, ಗುಲಬರ್ಗಾ, ನಾಂದೇಡ. ಮನೆ ಬಿಟ್ಟವರಲ್ಲಿ ಕೆಲವರು ಹಿಂದಿರುಗಿದರು, ಕೆಲವರು ಹಿಂದಿರುಗಲಿಲ್ಲ. ಖಾಸ್ರಾ ಬರೆಯುವವನು 1954ರಲ್ಲಿ ಹೊಲದಲ್ಲಿ ನಿಂತವನ ಹೆಸರನ್ನು ಬರೆದುಕೊಂಡ. ಅದು ಅವನ ಕರ್ತವ್ಯ. ಅದಕ್ಕೆ ಹಿಂದಿನ ಹೆಸರು ಏನಾಯಿತೆಂದು ಕೇಳುವುದು ಇತಿಹಾಸಕಾರನ ಕರ್ತವ್ಯ. ಖಾಸ್ರಾದಿಂದಲೇ ವಂಶವನ್ನು ಆರಂಭಿಸುವವರು, ಹಿಂದೂಗಳಾಗಲಿ ಮುಸಲ್ಮಾನರಾಗಲಿ, ಈ ಬಿರುಕನ್ನು ಅರಿತೋ ಅರಿಯದೆಯೋ ಮುಚ್ಚಿಹಾಕುತ್ತಾರೆ. ಸೇತ್ವಾರು ಮತ್ತು ಖಾಸ್ರಾಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಗ್ರಾಮವಾರು ಓದಿದರೆ ಮಾತ್ರ ಯಾವ ಹೆಸರುಗಳು ನಡುವೆ ಕಳೆದುಹೋದವೆಂಬುದು ತಿಳಿಯುತ್ತದೆ.

ಇನ್ನು ನೆಲವೇ ಇಲ್ಲದವರು. ಊರ ಹೊರಗಿನ ಕೇರಿಗಳಲ್ಲಿದ್ದ, ಆಯದ ಕಾಳಿಗೆ ದುಡಿದ ಕುಟುಂಬಗಳ ಪೂರ್ವಜರನ್ನು ಪಟ್ಟೆಯಲ್ಲಿ ಹುಡುಕುವುದು ವ್ಯರ್ಥ. ಸೇತಸಿಂಧಿಯಂಥ ಸೇವಾ ಇನಾಮುಗಳ ಪಟ್ಟಿಗಳಲ್ಲಿ, 1950ರ ಗೇಣಿ ಕಾಯಿದೆಯಂತೆ ತಯಾರಾದ ರಕ್ಷಿತ ಗೇಣಿದಾರರ ಪಟ್ಟಿಗಳಲ್ಲಿ, 1974ರ ತಿದ್ದುಪಡಿಯ ಮೇಲೆ ಭೂನ್ಯಾಯಮಂಡಳಿಗಳಿಗೆ ಸಲ್ಲಿಸಿದ ಏಳನೆಯ ನಮೂನೆಯ ಅರ್ಜಿಗಳಲ್ಲಿ ಅವರಲ್ಲಿ ಕೆಲವರ ಹೆಸರು ಸಿಕ್ಕೀತು. ವಂಶಾವಳಿಯ ಪುಸ್ತಿಕೆಗಳು ಯಾರ ಮನೆಯಿಂದ ಬರುತ್ತವೆ, ಯಾರ ಮನೆಯಿಂದ ಬರುವುದಿಲ್ಲ ಎಂಬುದಕ್ಕೆ ಕಾರಣ ಇಲ್ಲಿಯೇ ಇದೆ. ಪೂರ್ವಜರ ದಾಖಲೆ ತೋರಿಸೆಂದು ಎಲ್ಲರನ್ನೂ ಒಂದೇ ರೀತಿಯಲ್ಲಿ ಕೇಳುವುದು, ದಾಖಲೆ ಎಲ್ಲರನ್ನೂ ಒಂದೇ ರೀತಿಯಲ್ಲಿ ಬರೆದಿದ್ದರೆ ನ್ಯಾಯವಾಗುತ್ತಿತ್ತು.

ಮಠ, ದರ್ಗಾ, ಪೀಠಗಳ ಇನಾಮು ಭೂಮಿಯಲ್ಲಿ ಹೆಸರುಗಳು ಮುಂದುವರಿಯುವ ಕ್ರಮವೇ ಬೇರೆ. ವಿರಕ್ತ ಮಠದ ದಾಖಲೆಯಲ್ಲಿ ತಂದೆಯ ಸ್ಥಾನದಲ್ಲಿ ಗುರುವಿನ ಹೆಸರಿರುತ್ತದೆ. ಬಸವಕಲ್ಯಾಣದ ಸಮೀಪದ ಲಾಡವಂತಿಯಲ್ಲಿ ಹುಟ್ಟಿ ಹುಮನಾಬಾದಿನ ಬಳಿ ಮಾಣಿಕನಗರವನ್ನು ಸ್ಥಾಪಿಸಿದ ಮಾಣಿಕ ಪ್ರಭುಗಳು (1817–1865) ಅವಿವಾಹಿತರು. ಪೀಠವು ಅವರ ತಮ್ಮನ ಮಗನಿಗೆ ಬಂದಿತು. ಈ ಸಂಗತಿ ಪ್ರಸಿದ್ಧವಾದುದರಿಂದ ಯಾರೂ ತಪ್ಪುವುದಿಲ್ಲ. ಪ್ರಸಿದ್ಧವಲ್ಲದ ನೂರು ಕಡೆ ಉತ್ತರಾಧಿಕಾರಿಯನ್ನು ಮಗನೆಂದು ಬರೆದುಬಿಡುತ್ತಾರೆ.

ಚಾಲುಕ್ಯರ ಕಾಲಕ್ಕೆ ನೆಗೆಯುವ ಪುಟವನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಈ ಭಾಗದ ಶಾಸನಗಳು ಪಿ. ಬಿ. ದೇಸಾಯಿಯವರ ಸಂಪುಟದಿಂದ (1958) ವಿದ್ವಾಂಸರಿಗೆ ಸುಲಭವಾಗಿ ದೊರೆತಿವೆ. ದತ್ತಿ ಕೊಟ್ಟವನ ವಂಶ, ಮತ್ತರುಗಳ ಲೆಕ್ಕ, ಎಲ್ಲೆಯ ಕಲ್ಲು ಇವು ಶಾಸನಗಳಲ್ಲಿವೆ. ಆದರೆ ಹನ್ನೆರಡನೆಯ ಶತಮಾನಕ್ಕೂ ಸಾಲಾರ್ ಜಂಗನ ಅಳತೆಗೂ ನಡುವೆ ಸೇವುಣರು, ಬಹಮನಿಗಳು, ಬರೀದಶಾಹಿಗಳು, ಆದಿಲಶಾಹಿಗಳು, 1657ರಲ್ಲಿ ಬೀದರ–ಕಲ್ಯಾಣಗಳನ್ನು ಹಿಡಿದ ಔರಂಗಜೇಬನ ಮೊಗಲರು, ಆಮೇಲೆ ಆಸಫಜಾಹಿಗಳು ಬಂದುಹೋದರು. ಇಷ್ಟು ಕಾಲವನ್ನು ಒಂದು ಹೆಸರಿನ ಸಾಮ್ಯದಿಂದ ದಾಟುವುದು ವಿದ್ವತ್ತಲ್ಲ. ಇಂಗ್ಲೆಂಡಿನ ಮನೆತನಗಳು 1086ರ ಡೂಮ್ಸ್‌ಡೇ ಪುಸ್ತಕಕ್ಕೆ ತಮ್ಮನ್ನು ತಗುಲಿಸಿಕೊಂಡಾಗ ಜೆ. ಎಚ್. ರೌಂಡ್ ಎಂಬ ವಿದ್ವಾಂಸನು ಅಂಥ ವಂಶಾವಳಿಗಳನ್ನು ಒಂದೊಂದಾಗಿ ಪರೀಕ್ಷಿಸಿ ಉರುಳಿಸಿದನು. ಅದೂ ಕಂದಾಯದ ಪುಸ್ತಕವೇ.

ಹಾಗಾದರೆ ದಾರಿಯೇನು? ನಮ್ಮ ಅನುಭವದಲ್ಲಿ ವಂಶದ ವಿಷಯಕ್ಕೆ ಸೇತ್ವಾರಿಗಿಂತ ವಿರಾಸತ್ತಿನ ಕಡತ ಹೆಚ್ಚು ಉಪಯುಕ್ತ. ಅದರಲ್ಲಿ ಅರ್ಜಿಯ ಜೊತೆಗೆ ಶಜರಾ, ಎಂದರೆ ವಂಶವೃಕ್ಷ, ಇರುತ್ತದೆ. ಎದುರು ಪಕ್ಷದವರ ತಕರಾರು ಇರುತ್ತದೆ. ಊರ ಹಿರಿಯರ ಹೇಳಿಕೆಗಳಿರುತ್ತವೆ. ಇನಾಮಿನ ಸಂಬಂಧದಲ್ಲಿ ಮುಂತಖಬು ಮತ್ತು ಅತಿಯಾತು ವಿಚಾರಣೆಯ ಕಾಗದಗಳೂ ಹೀಗೆಯೇ. ವ್ಯಾಜ್ಯದ ಎರಡು ಪಕ್ಷದವರೂ ಸುಳ್ಳು ಹೇಳಬಹುದು, ಆದರೆ ಇಬ್ಬರೂ ಒಂದೇ ಸುಳ್ಳನ್ನು ಹೇಳುವುದು ಅಪರೂಪ. ಇವುಗಳ ಜೊತೆಗೆ ಉತ್ತರ ಕರ್ನಾಟಕದ ಹೆಳವರು ಮನೆಮನೆಗೆ ಬಂದು ಹಾಡಿ ಓದುವ ವಂಶಾವಳಿಯನ್ನೂ ಇಟ್ಟು ನೋಡಬೇಕು. ವಿದ್ಯಾವಂತರು ಹೆಳವರ ಹೊತ್ತಿಗೆಯನ್ನು ಕಾಳು–ಕಡಿಗಾಗಿ ಮಾಡಿದ ಸ್ತುತಿಯೆಂದು ತಳ್ಳಿಹಾಕುತ್ತಾರೆ. ದಕ್ಷಿಣೆಯ ಆಸೆ ಅದರಲ್ಲಿ ಇಲ್ಲವೆಂದು ಯಾರೂ ಹೇಳರು. ಆದರೆ ಪಟ್ಟೆ ಬಿಟ್ಟ ತಮ್ಮಂದಿರನ್ನು ಹೆಳವನು ಬಿಡುವುದಿಲ್ಲ, ಏಕೆಂದರೆ ಅವರ ಮನೆಗೂ ಅವನು ಹೋಗಬೇಕು. ಒಂದು ಕಂದಾಯಕ್ಕಾಗಿ ಹೆಸರನ್ನು ಕಡಿಮೆ ಮಾಡಿತು, ಇನ್ನೊಂದು ಕಾಣಿಕೆಗಾಗಿ ಹೆಸರನ್ನು ಹೆಚ್ಚಿಸಿತು. ಎರಡನ್ನೂ ಬಲ್ಲವನಿಗೆ ನಡುವಿನ ಸತ್ಯ ಕೊಂಚಮಟ್ಟಿಗೆ ಕಾಣಬಹುದು.

ಶಿಕಸ್ತಾ ಮತ್ತು ಮೋಡಿಯನ್ನು ಓದಬಲ್ಲವರು ನಮ್ಮ ಜಿಲ್ಲೆಯಲ್ಲಿ ಕಡಿಮೆಯಾಗುತ್ತಿದ್ದಾರೆ. ಕಾಗದಗಳನ್ನು ಗಣಕಕ್ಕೆ ಏರಿಸುವ ಕೆಲಸ ನಡೆದಿದೆ, ಅದು ಸ್ತುತ್ಯವೇ. ಆದರೆ ಚಿತ್ರ ಉಳಿದು ಓದುವವನು ಇಲ್ಲವಾದರೆ ಬಸಪ್ಪನೂ ಬಸಣ್ಣನೂ ಅಲ್ಲಿಯೂ ಒಂದೇ. ಸ್ನಾತಕೋತ್ತರ ವಿಭಾಗಗಳು ಈ ಎರಡು ಲಿಪಿಗಳಲ್ಲಿ ಒಂದನ್ನಾದರೂ ವಿದ್ಯಾರ್ಥಿಗಳಿಗೆ ಕಲಿಸುವುದು ಆವಶ್ಯಕ.

ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿನಿಯೊಬ್ಬಳು ತನ್ನ ಮನೆತನದ ದಾಖಲೆಗಳನ್ನು ಈ ಕ್ರಮದಲ್ಲಿ ಓದಿದಳು. ಸೇತ್ವಾರಿನಲ್ಲಿ ಒಂದು ಹೆಸರು, ಖಾಸ್ರಾದಲ್ಲಿ ಒಂದು ಹೆಸರು. ನಡುವಿನ ವಿರಾಸತ್ತಿನ ಕಡತದಲ್ಲಿ ಐವರು ಅಣ್ಣತಮ್ಮಂದಿರು ಇದ್ದರು. ಅವರಲ್ಲಿ ಯಾರು ಹಿರಿಯರೆಂದು ವಿಚಾರಣೆಯಲ್ಲಿ ಕೇಳಿದಾಗ ಸಾಕ್ಷಿ ನುಡಿದವಳು ಅವರ ಅಕ್ಕ. ಮನೆಯಲ್ಲಿ ಆಕೆಯ ಹೆಸರನ್ನು ಯಾರೂ ಕೇಳಿರಲಿಲ್ಲ. ಕಡತದಲ್ಲಿ ಅದು ಹೆಬ್ಬೆಟ್ಟಿನ ಗುರುತಿನ ಪಕ್ಕದಲ್ಲಿ, ಬೇರೆಯವರ ಕೈಬರಹದಲ್ಲಿ, ಚುಕ್ಕೆಗಳೆಲ್ಲ ಸರಿಯಾಗಿ ಬಿದ್ದು, ಇತ್ತು.